ಕಂಬದಜ್ಜನ ಮೇಲೊಂದು ಕೇಸು

ಹಾರ್ನಕ್ಕ ಎಂಬ ಹೆಸರನ್ನು ಅವಳಿಗೆ ಇಟ್ಟವರು ಶಾಲೆಯ ಮಕ್ಕಳು. ಹಳದಿ ಬಸ್ಸು ಓಡಿಸುವ ಆ ಹೆಂಗಸು ಒಂದೊಂದು ಮನೆಯ ಮುಂದೆ ಒಂದೊಂದು ರೀತಿ ಹಾರ್ನ್ ಹೊಡೆಯುತ್ತಿದ್ದಳು. ಬೇಕರಿಯವರ ಅವಳಿ ಮಕ್ಕಳಿಗೆ ಚುಟುಕಾಗಿ ಎರಡು ಸಲ, ಹೊಲಿಗೆಯವಳ ಮಗಳಿಗೆ ಉದ್ದದ್ದು ಒಂದೇ ಒಂದು, ಎಷ್ಟು ಎಬ್ಬಿಸಿದರೂ ಏಳದ ದಂತವೈದ್ಯರ ಮಗನಿಗೆ ಕಿವಿ ತೂತು ಬೀಳುವ ಹಾಗೆ. ಹಾಸಿಗೆಯಲ್ಲಿದ್ದ ಮಗು ಕೂಡ, ‘ಇದು ನಂದಲ್ಲ, ಇನ್ನೂ ಎರಡು ಮನೆ ಇದೆ’ ಎಂದು ಮಗ್ಗುಲು ಬದಲಾಯಿಸುತ್ತಿತ್ತು. ಅಂಥ ಬೀದಿಯಲ್ಲಿ ಈಗ ಬೆಳಿಗ್ಗೆ ಹೊತ್ತು ಒಂದು ಕಾಗೆ ಕೂಗಿದರೂ ಕೇಳಿಸುತ್ತಿತ್ತು. ಹಾರ್ನಕ್ಕನ ಲೈಸೆನ್ಸು ಕಿತ್ತುಕೊಂಡಿದ್ದರು.

ಆದದ್ದು ಇಷ್ಟೇ. ಶಾಲೆಗೆ ಹೋಗುವ ದಾರಿಯಲ್ಲಿ ಕಾಲುವೆಯ ಮೇಲೆ ಒಂದು ಎತ್ತುವ ಸೇತುವೆ ಇದೆ. ದೊಡ್ಡ ದೋಣಿ ಬಂದಾಗ ಕೆಂಪು ದೀಪ ಹತ್ತುತ್ತದೆ, ರಸ್ತೆಗೆ ಅಡ್ಡಗಂಬ ಇಳಿಯುತ್ತದೆ, ಆಮೇಲೆ ಸೇತುವೆ ಮೇಲೇಳುತ್ತದೆ. ಆ ದಿನ ಕೆಂಪು ದೀಪ ಹತ್ತಿತ್ತು. ಹತ್ತಿದ ಮೇಲೂ ಹಾರ್ನಕ್ಕ ಬಸ್ಸು ನುಗ್ಗಿಸಿದಳು. ಕಂಬ ದಬಕ್ಕನೆ ಇಳಿದು ಮುಂದಿನ ಗಾಜಿಗೆ ಬಡಿಯಿತು, ಗಾಜು ಪುಡಿಪುಡಿಯಾಯಿತು. ದೇವರು ದೊಡ್ಡವನು, ಯಾರಿಗೂ ಏನೂ ಆಗಲಿಲ್ಲ. ದಂತವೈದ್ಯರ ಮಗನ ಹಾಲುಹಲ್ಲೊಂದು ಬಿತ್ತು. ವಾರದಿಂದ ಅಲುಗಾಡುತ್ತಿದ್ದ ಹಲ್ಲು ಅದು. ಅಪ್ಪನ ಕೈಗೆ ಸಿಗದೆ ಬಿತ್ತಲ್ಲ ಎಂದು ಅವನಂತೂ ಬಸ್ಸಿನ ತುಂಬ ಕುಣಿದಾಡಿದ.

ಆದರೆ ವಿಚಾರಣೆಗೆ ಬಂದವರು ಕುಣಿಯಲಿಲ್ಲ. “ಮಕ್ಕಳನ್ನ ತುಂಬಿಕೊಂಡು ಕೆಂಪು ದೀಪದಲ್ಲಿ ಯಾಕಮ್ಮ ನುಗ್ಗಿದ್ರಿ?” ಎಂದು ಕೇಳಿದರು. ಹಾರ್ನಕ್ಕ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಎರಡನೇ ಸಲ ಕೇಳಿದರು, ಮೂರನೇ ಸಲ ಕೇಳಿದರು. ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುವ ಹೆಂಗಸು ಅಂದು ತುಟಿ ಎರಡು ಮಾಡಲಿಲ್ಲ. ‘ಸೊಕ್ಕು’ ಎಂದು ಅವರು ತೀರ್ಮಾನಿಸಿದರು. ಲೈಸೆನ್ಸು ಅಮಾನತಿಗೆ ಹೋಯಿತು. ಈ ತಪ್ಪು ಅವಳ ಅಡ್ಡಾದಿಡ್ಡಿತನದಿಂದ ಆದದ್ದಲ್ಲ ಎಂದು ಯಾವುದಾದರೂ ನ್ಯಾಯಾಲಯ ಹೇಳಿದರೆ ವಾಪಸು, ಇಲ್ಲವಾದರೆ ಕಾಯಂ ರದ್ದು ಎಂದು ಲೈಸೆನ್ಸು ಕಚೇರಿಯವರು ಹೇಳಿ ಕಳಿಸಿದರು.

ಬಸ್ಸು ಬಿಟ್ಟರೆ ಅವಳಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬೇರೆ ಏನೂ ಬೇಕಾಗಿಯೂ ಇರಲಿಲ್ಲ. ಬೆಳಿಗ್ಗೆ ಎದ್ದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಎದುರಿಗಿದ್ದ ಒಲೆಯನ್ನೇ ರಸ್ತೆ ಎಂದುಕೊಂಡವಳ ಹಾಗೆ ನೋಡುತ್ತಿದ್ದಳು. ಗಂಡ ಹಡಗಿನ ಕೆಲಸಕ್ಕೆ ಹೋದವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೇ ಇರುತ್ತಿದ್ದ. ಮನೆಯಲ್ಲಿ ಇದ್ದದ್ದು ಅತ್ತೆ ಮತ್ತು ಮೈದುನ. ಮೈದುನ ವಕೀಲ. ಬಾಡಿಗೆ ಮನೆಯ ಜಗಳ, ಗೋಡೆಯ ಜಗಳ, ನಲ್ಲಿಯ ಜಗಳ, ಇವು ಬಿಟ್ಟು ಬೇರೆ ಕೇಸು ಅವನ ಹೊಸ್ತಿಲು ತುಳಿದದ್ದಿಲ್ಲ.

“ಸೇತುವೆ ಇಲಾಖೆ ಮೇಲೆ ಕೇಸು ಜಡಿಯೋ ಅತ್ಲಾಗೆ!” ಎಂದು ಅತ್ತೆ ಸೌಟು ಎತ್ತಿ ಹೇಳಿದಳು. “ಕಂಬ ಹಾಗೆ ತಲೆ ಮೇಲೆ ಬೀಳತ್ತಾ? ಹಗ್ಗ ಲಡ್ಡಾಗಿರಬೇಕು.”

“ಹಾಕೋಕಾಗಲ್ಲಮ್ಮ.”

“ಯಾಕಾಗಲ್ಲ? ಏನು, ಅವರಿಗೆ ಕೋಡು ಇದೆಯಾ?”

“ಕೋಡಲ್ಲ, ಕೊಡೆ ಇದೆ.” ಮೈದುನ ಕನ್ನಡಕ ಏರಿಸಿ ಕಾನೂನಿನ ಪುಸ್ತಕ ತೆರೆದು ಓದಿದ. “‘ಇಲಾಖೆಯ ಮೇಲಾಗಲಿ, ಅದರ ನೌಕರರ ಮೇಲಾಗಲಿ, ಕರ್ತವ್ಯ ನಿರ್ವಹಣೆಯಲ್ಲಿ ಸದುದ್ದೇಶದಿಂದ ಮಾಡಿದ ಯಾವುದೇ ಕಾರ್ಯದ ಬಗ್ಗೆ ದಾವೆ ಹೂಡತಕ್ಕದ್ದಲ್ಲ.’ ಸರ್ಕಾರದ ಕೆಲಸ ಮಾಡೋರಿಗೆಲ್ಲ ಕಾನೂನು ಹಿಡಿದಿರೋ ಕೊಡೆ ಇದು. ನಿಯಮದ ಪ್ರಕಾರ ಕೆಲಸ ಮಾಡ್ತಾ ಇರೋವರೆಗೆ ಅವರ ತಲೆ ಮೇಲೆ ಒಂದು ಹನಿ ಬೀಳಲ್ಲ. ಅವರ ಮೇಲೆ ಕೇಸು ಹಾಕಬೇಕು ಅಂದ್ರೆ ಅವರನ್ನೇ ಅನುಮತಿ ಕೇಳಬೇಕು.”

“ಅಂದ್ರೆ, ‘ಸ್ವಾಮಿ, ನಿಮ್ಮನ್ನ ಕೋರ್ಟಿಗೆ ಎಳೀಬೇಕು ಅಂತಿದೀನಿ, ದಯವಿಟ್ಟು ಒಪ್ಪಿಗೆ ಕೊಡಿ’ ಅಂತಾನಾ?” ಅತ್ತೆಗೆ ನಗು ತಡೆಯಲಾಗಲಿಲ್ಲ. “ಕೊಡ್ತಾರಪ್ಪ, ಹಾರ ಹಾಕಿ ಕೊಡ್ತಾರೆ.”

ಮೈದುನ ಹೋಗಿ ಅದನ್ನೂ ಕೇಳಿ ನೋಡಿದ. ಇಲಾಖೆಯ ಕಿಟಕಿಯಿಂದ ಕಿಟಕಿಗೆ ತಿರುಗಿ ಕಾಲು ಊದಿಸಿಕೊಂಡು ಬಂದ. ಒಪ್ಪಿಗೆ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಉತ್ತರ: ‘ಕೆಂಪು ದೀಪ ಹತ್ತಿದ ಕೂಡಲೇ ನಮ್ಮ ಕಂಬ ಇಳಿಯುತ್ತದೆ. ಇಳಿಯದೆ ನಿಂತ ಉದಾಹರಣೆಯೇ ಇಲ್ಲ. ಚಾಲಕಿಯ ದುಡುಕೇ ಕಾರಣ.’

ಉದಾಹರಣೆಯೇ ಇಲ್ಲ ಎಂಬ ಮಾತು ಕೇಳಿದಾಗ ಹಾರ್ನಕ್ಕನ ಬಾಯಿಂದ ತಡೆದರೂ ನಿಲ್ಲದೆ ಬಂತು, “ಇಲ್ಲವಾ? ದಿನಾ ನಿಲ್ಲಿಸ್ತಿದ್ರಲ್ಲ!”

ಮೈದುನನ ಕಿವಿ ನೆಟ್ಟಗಾಯಿತು. “ಯಾರು ನಿಲ್ಲಿಸ್ತಿದ್ರು ಅತ್ತಿಗೆ?”

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡು ಎಲ್ಲವನ್ನೂ ಹೇಳಿದಳು.

ಸೇತುವೆಯ ಪಕ್ಕದ ಪುಟ್ಟ ಕೋಣೆಯಲ್ಲಿ ಕೂತು ಸನ್ನೆಕೋಲು ಎಳೆದು ಕಂಬ ಇಳಿಸಿ ಸೇತುವೆ ಎತ್ತುವವನು ಕಂಬದಜ್ಜ. ಅದೂ ಮಕ್ಕಳೇ ಇಟ್ಟ ಹೆಸರು. ಆಗ ಅವನಿಗೆ ಅಜ್ಜನಾಗುವಷ್ಟು ವಯಸ್ಸೂ ಆಗಿರಲಿಲ್ಲ, ಮೀಸೆ ಮಾತ್ರ ಬೆಳ್ಳಗಾಗಿತ್ತು. ಆ ಕೋಣೆಯ ಹಿಂಭಾಗದಲ್ಲೇ ಅವನೂ ಅವನ ಹೆಂಡತಿಯೂ ಸಂಸಾರ ಹೂಡಿದ್ದರು. ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಸೇತುವೆ ಮೇಲೆದ್ದು ನಿಂತಿದ್ದಾಗ, ಕೆಳಗೆ ದೋಣಿ ದಾಟುತ್ತಿದ್ದಾಗ, ಅಜ್ಜಿ ಎದೆ ಹಿಡಿದುಕೊಂಡು ಕುಸಿದಳು. ಸನ್ನೆಕೋಲು ಬಿಟ್ಟು ಏಳುವ ಹಾಗಿಲ್ಲ, ಬಿಟ್ಟರೆ ದೋಣಿಯವರ ಗತಿ ಏನು? ಅವನು ಕಿಟಕಿಯಿಂದ ಹೊಯ್ಕೊಂಡ. ಕಂಬದ ಈಚೆ ನಿಂತಿದ್ದ ಬಸ್ಸಿನಿಂದ ಹಾರ್ನಕ್ಕ ಇಳಿದು ಓಡಿದಳು. ಅಜ್ಜಿಯನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, ಮಕ್ಕಳ ತೊಡೆಯ ಮೇಲೆ ಮಲಗಿಸಿ, ಬಸ್ಸು ತಿರುಗಿಸಿ, ಶಾಲೆ ಬಿಟ್ಟು ಆಸ್ಪತ್ರೆಗೆ ಹೊಡೆದಳು. ಅಜ್ಜಿ ಉಳಿದಳು, ಈಗಲೂ ಗುಂಡುಕಲ್ಲಿನ ಹಾಗಿದ್ದಾಳೆ. ಪ್ರಾರ್ಥನೆ ತಪ್ಪಿಸಿದ್ದಕ್ಕೆ ಹೆಡ್‌ಮೇಡಂ ಹತ್ತಿರ ಹಾರ್ನಕ್ಕ ಚೆನ್ನಾಗಿ ಉಗಿಸಿಕೊಂಡಳು.

ಮರುದಿನದಿಂದ ಒಂದು ರೂಢಿ ಹುಟ್ಟಿಕೊಂಡಿತು. ತಿರುವಿನಲ್ಲಿ ಹಾರ್ನಕ್ಕ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಹೊಡೆಯುವಳು. ಕೆಂಪು ದೀಪ ಹತ್ತಿದ್ದರೂ ಕಂಬದಜ್ಜ ಸನ್ನೆಕೋಲನ್ನು ಹಿಡಿದು ನಿಲ್ಲಿಸುವನು. ಮಕ್ಕಳ ಬಸ್ಸು ದಾಟಿದ ಮೇಲೆಯೇ ಕಂಬ ಇಳಿಯುವುದು, ಕಂಬ ಇಳಿದ ಮೇಲೆಯೇ ಸೇತುವೆ ಏಳುವುದು. ದೋಣಿಯವರು ಅಷ್ಟರಲ್ಲಿ ಒಂದು ಕೆಮ್ಮು ಕೆಮ್ಮಿ ಮುಗಿಸುತ್ತಿದ್ದರು, ಯಾರೂ ದೂರಲಿಲ್ಲ. ಪ್ರಾರ್ಥನೆ ಒಂದು ದಿನವೂ ತಪ್ಪಲಿಲ್ಲ. ಗಾಜು ಒಡೆದ ದಿನ ಕಂಬದಜ್ಜ ಕಣ್ಣಿನ ಆಪರೇಷನ್ನಿಗೆಂದು ರಜೆಯಲ್ಲಿದ್ದ. ಬದಲಿಗೆ ಬಂದವನಿಗೆ ಹಾರ್ನಿನ ಅರ್ಥ ಗೊತ್ತಿರಲಿಲ್ಲ. ಅವನು ಪಾಪ, ಕೆಂಪು ಹತ್ತಿದ ಕೂಡಲೇ ಕಂಬ ಇಳಿಸಿದ.

“ಅತ್ತಿಗೇ!” ಮೈದುನ ಕುರ್ಚಿಯಿಂದ ಎದ್ದೇಬಿಟ್ಟ. “ಮೊದಲೇ ಹೇಳಬಾರದಾ? ಕಂಬ ನಿಲ್ಲಿಸೋದು ನಿಯಮದಲ್ಲಿಲ್ಲ. ನಿಯಮದ ಹೊರಗೆ ಮಾಡಿದ್ದಕ್ಕೆ ಕೊಡೆ ಇಲ್ಲ. ಇಲಾಖೆ ಮೇಲೆ ಬೇಡ, ಕಂಬದಜ್ಜನ ಮೇಲೇ ಹಾಕೋಣ! ಅವನು ದಿನಾ ಕಂಬ ಹಿಡೀತಿದ್ದ, ನೀವು ಅದನ್ನ ನಂಬಿ ಹೋದ್ರಿ ಅಂತ ಸಾಬೀತಾದ್ರೆ ನಿಮ್ಮ ಲೈಸೆನ್ಸು ನಿಮ್ಮ ಕೈಯಲ್ಲಿ.”

“ಅಜ್ಜನ ಗತಿ?”

ಅವನು ಮತ್ತೆ ಕೂತ. “ಸನ್ನೆಕೋಲಿಂದ ತೆಗೀತಾರೆ. ಕೋಣೆ ಖಾಲಿ ಮಾಡಿಸ್ತಾರೆ.”

“ಹಾಗಾದ್ರೆ ಬಾಯಿ ಮುಚ್ಚಿಕೊಂಡು ಚಹಾ ಕುಡಿ,” ಎಂದಳು ಹಾರ್ನಕ್ಕ. “ನನ್ನ ಮಕ್ಕಳಿಗೆ ತಡವಾಗಬಾರದು ಅಂತ ಕಂಬ ಹಿಡಿದ ಮನುಷ್ಯನ ಹೊಟ್ಟೆ ಮೇಲೆ ಹೊಡೆದು ನಾನು ಸ್ಟೇರಿಂಗ್ ಹಿಡೀಲಾ? ಆ ಸ್ಟೇರಿಂಗ್ ನನ್ನ ಕೈ ಸುಡಲ್ವಾ?”

“ವಿಚಾರಣೇಲಿ ಸುಮ್ಮನೆ ಕೂತಿದ್ದು ಇದಕ್ಕಾ?” ಎಂದ ಮೈದುನ ಮೆಲ್ಲಗೆ. ಅತ್ತೆ ಸೌಟು ಕೆಳಗಿಟ್ಟು, ಸೊಸೆಯ ಲೋಟಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿದಳು.

ಮೂರು ಜನರೂ ಆ ಮಾತನ್ನು ಅಲ್ಲಿಗೇ ಬಿಟ್ಟರು. ಬಿಡದವನು ಇನ್ನೊಬ್ಬನಿದ್ದ.

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಸೇತುವೆಗೆ ಮರಳಿದ ಕಂಬದಜ್ಜ ಬೆಳಿಗ್ಗೆಯೆಲ್ಲ ತಿರುವಿನ ಕಡೆಗೇ ಕಿವಿಯಿಟ್ಟ. ಎರಡು ಗಿಡ್ಡ, ಒಂದು ಉದ್ದ ಕೇಳಿಸಲಿಲ್ಲ. ಬಂದದ್ದು ಬೇರೆ ಬಸ್ಸು, ಬೇರೆ ಚಾಲಕ, ಹಾರ್ನೇ ಇಲ್ಲ. ಬದಲಿಯವನನ್ನು ಕೇಳಿದ. ಆದದ್ದೆಲ್ಲ ತಿಳಿಯಿತು. ಮಧ್ಯಾಹ್ನ ಪಾಳಿ ಮುಗಿದದ್ದೇ ತಡ, ಕಪ್ಪು ಕನ್ನಡಕ ಹಾಕಿಕೊಂಡು, ಹೆಂಡತಿಯ ತೋಳು ಹಿಡಿದುಕೊಂಡು, ಕೇಳಿಕೊಂಡು ಕೇಳಿಕೊಂಡು ಹಾರ್ನಕ್ಕನ ಮನೆಗೆ ಬಂದ.

ಅಜ್ಜಿಯನ್ನು ಹೊತ್ತೊಯ್ದ ದಿನವೂ ಅವನು ಸನ್ನೆಕೋಲು ಹಿಡಿದು ಕೂತೇ ಇದ್ದ, ಆಮೇಲೆ ಇಷ್ಟು ವರ್ಷ ಅವನನ್ನು ಅವಳು ಕಿಟಕಿಯ ಚೌಕಟ್ಟಿನೊಳಗೆ ಎದೆಯವರೆಗೆ ಮಾತ್ರ ನೋಡಿದ್ದಳು. ಇಷ್ಟು ಕುಳ್ಳ ಮನುಷ್ಯ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

“ಏನಮ್ಮ ತಾಯಿ, ನಾನು ಸತ್ತೇಹೋದೆ ಅಂದ್ಕೊಂಡ್ಯಾ? ಒಂದು ಮಾತು ಹೇಳಿ ಕಳಿಸಬಾರದಾ?” ಬಾಗಿಲಲ್ಲೇ ಶುರುಮಾಡಿದ. “ನಿಮ್ಮನೇಲಿ ವಕೀಲರು ಇದಾರಂತೆ. ಕರಿ. ನನ್ನ ಮೇಲೆ ಕೇಸು ಹಾಕಿಸು.”

“ಹುಚ್ಚು ಹಿಡಿದಿದ್ಯಾ ಅಜ್ಜಾ? ನಾನು ಹಾಕಲ್ಲ.”

“ಹಾಕಬೇಕು.”

“ಹಾಕಲ್ಲ ಅಂದ್ರೆ ಹಾಕಲ್ಲ.”

“ನೋಡಿ ಸಾರ್, ಎಂಥ ಮೊಂಡಿ!” ಒಳಗಿಂದ ಬಂದ ಮೈದುನನಿಗೆ ದೂರು ಹೇಳಿದ. ಮೈದುನನ ವೃತ್ತಿಯಲ್ಲಿ ‘ನನ್ನ ಮೇಲೆ ಕೇಸು ಹಾಕಿ’ ಎಂದು ಮನೆ ಬಾಗಿಲಿಗೆ ಬಂದು ಜಗಳವಾಡಿದವನು ಇವನೇ ಮೊದಲು. ಅವನು ಕಂಬದಜ್ಜನನ್ನು ಕೂರಿಸಿ, ಇರುವುದನ್ನು ಇರುವ ಹಾಗೆ ಹೇಳಿದ: ಸುಮ್ಮನಿದ್ದರೆ ಕಾನೂನಿನ ಕೊಡೆ ತಲೆ ಮೇಲಿರುತ್ತದೆ, ಯಾರೂ ಏನೂ ಮಾಡಲಾರರು, ಬಾಯಿಬಿಟ್ಟರೆ ಕೊಡೆ ಹೋಗುತ್ತದೆ, ಕೋಣೆಯೂ ಹೋಗುತ್ತದೆ.

“ನಮ್ಮ ಇಲಾಖೆ ಸಾಹೇಬರೂ ಅದನ್ನೇ ಅಂದ್ರು, ‘ನಿನಗೇನೂ ಆಗಲ್ಲ, ತೆಪ್ಪಗಿರು’ ಅಂತ,” ಎಂದ ಕಂಬದಜ್ಜ. “ನಂಗೇನೂ ಆಗಲ್ಲ ಸರಿ. ಇವಳಿಗೆ ಆಗಿದೆಯಲ್ಲ?”

ಅಜ್ಜಿ ಹಾರ್ನಕ್ಕನ ಪಕ್ಕಕ್ಕೆ ಬಂದು ಕೂತು ಅವಳ ಕೈ ಹಿಡಿದುಕೊಂಡಳು. “ಆವತ್ತು ಬಸ್ಸು ಶಾಲೆ ಬಿಟ್ಟು ಬೇರೆ ಕಡೆ ಹೋಗಬಾರದು ಅಂತ ನಿಂಗೂ ನಿಯಮ ಇತ್ತಲ್ಲವಾ? ನೀನು ನೋಡಿದ್ಯಾ? ನನ್ನನ್ನ ಹೆಗಲ ಮೇಲೆ ಹಾಕ್ಕೊಂಡೆ. ಈಗ ನಮ್ಮ ಸರದಿ ಕಣೇ. ಬೇಡ ಅನ್ನಬೇಡ. ಆ ಕೋಣೇಲಿ ಮೂಲೆ ಮೂಲೆಯೂ ಸೋರತ್ತೆ, ನಂಗೂ ಸಾಕಾಗಿದೆ.”

ಹಾರ್ನಕ್ಕನಿಗೆ ಅಳು ಉಕ್ಕಿ ಬಂತು. ಅತ್ತೆಯ ಮುಂದೆ ಎಂದೂ ಅತ್ತವಳಲ್ಲ, ಆವತ್ತು ಬಿಕ್ಕಿ ಬಿಕ್ಕಿ ಅತ್ತಳು.

ಕೇಸು ಕೋರ್ಟಿಗೆ ಬಂತು. ಇಂಥ ಕೇಸನ್ನು ಆ ಕೋರ್ಟಿನ ಗೋಡೆಗಳೂ ಕಂಡಿರಲಿಕ್ಕಿಲ್ಲ. ವಾದಿ ಹಾರ್ನಕ್ಕ, ಪ್ರತಿವಾದಿ ಕಂಬದಜ್ಜ. ವಾದಿ ಪ್ರತಿವಾದಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದಳು. ಪ್ರತಿವಾದಿಯ ಹೆಂಡತಿ ವಾದಿಯ ಅತ್ತೆಯ ಜೊತೆ ಒಂದೇ ಬೆಂಚಿನಲ್ಲಿ ಕೂತು ಮಂಡಿನೋವಿನ ಎಣ್ಣೆಯ ಬಗ್ಗೆ ಮಾತಾಡುತ್ತಿದ್ದಳು. ಕೇಳಿದ ಪರಿಹಾರ, ಬಸ್ಸಿನ ಮುಂದಿನ ಗಾಜು ಒಂದು. ಏನನ್ನಾದರೂ ಕೇಳದೆ ಕೇಸು ನಿಲ್ಲುವುದಿಲ್ಲ ಎಂದು ಮೈದುನ ಹಟಮಾಡಿ ಸೇರಿಸಿದ್ದ.

ನ್ಯಾಯಾಧೀಶೆ ದಪ್ಪ ಕನ್ನಡಕದ, ಕಡಿಮೆ ಮಾತಿನ ಹೆಂಗಸು. ಎರಡೂ ಕಡೆಯ ಹೇಳಿಕೆ ಓದಿ ಹುಬ್ಬೇರಿಸಿದರು. “ಅವರು ಹೇಳಿದ್ದನ್ನೆಲ್ಲ ಇವರು ಒಪ್ತಾರೆ. ಇವರು ಹೇಳಿದ್ದನ್ನೆಲ್ಲ ಅವರು ಒಪ್ತಾರೆ. ನಿಮ್ಮಿಬ್ಬರ ನಡುವೆ ಜಗಳ ಎಲ್ಲಿದೆ?”

ಜಗಳ ಹಿಂದಿನ ಸಾಲಿನಿಂದ ಎದ್ದು ಬಂತು. ಇಲಾಖೆಯ ವಕೀಲರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಿಂತರು. “ಮೇಡಂ, ಈ ದಾವೆಯೇ ನಿಲ್ಲೋದಿಲ್ಲ. ಪ್ರತಿವಾದಿ ನಮ್ಮ ನೌಕರ. ಕರ್ತವ್ಯದಲ್ಲಿದ್ದ. ಅವನಿಗೆ ಕಾನೂನಿನ ರಕ್ಷಣೆ ಇದೆ.”

“ನಂಗೆ ಬೇಡ ಸ್ವಾಮಿ,” ಎಂದ ಕಂಬದಜ್ಜ.

“ಬೇಡ ಅನ್ನೋ ಹಾಗಿಲ್ಲ. ಇದೆ.”

“ಇಲ್ಲ ಸಾರ್, ಇಲ್ಲ.”

“ಇದೆ ಅಂತ ಹೇಳ್ತಿದೀನಲ್ಲ!”

ಕೋರ್ಟಿನಲ್ಲಿ ನಗೆ ಹಬ್ಬಿತು. ನ್ಯಾಯಾಧೀಶೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಕಂಬದಜ್ಜನ ಕಡೆ ತಿರುಗಿದರು. “ಕೆಂಪು ದೀಪ ಹತ್ತಿದಾಗ ನಿಮ್ಮ ಕೆಲಸ ಏನು?”

“ಕಂಬ ಇಳಿಸೋದು.”

“ನೀವು ಏನು ಮಾಡ್ತಿದ್ರಿ?”

“ಈ ಯಮ್ಮನ ಹಾರ್ನ್ ಕೇಳಿದ್ರೆ ಹಿಡೀತಿದ್ದೆ. ದಿನಾ.”

“ಹಿಡೀರಿ ಅಂತ ಇಲಾಖೆ ಹೇಳಿತ್ತಾ?”

“ಇಲ್ಲ. ಇಲಾಖೆಗೆ ನಾನು ಹೇಳಿಯೂ ಇಲ್ಲ. ಅದು ನನ್ನ ಕೆಲಸ ಅಲ್ಲ ತಾಯಿ, ನನ್ನ ಖುಷಿ. ಈ ಯಮ್ಮ ನನ್ನ ಹೆಂಡತಿ ಜೀವ ಉಳಿಸಿದಳು. ತಿರುಗಿ ಕೊಡೋಕೆ ನನ್ನ ಹತ್ತಿರ ಏನಿತ್ತು? ಕಂಬ ಒಂದಿತ್ತು. ಅದನ್ನೇ ಹಿಡಿದೆ. ತಪ್ಪೇ. ಮಕ್ಕಳಿರೋ ಬಸ್ಸನ್ನ ಕೆಂಪಲ್ಲಿ ಬಿಟ್ಟಿದ್ದು ದೊಡ್ಡ ತಪ್ಪು, ಈಗ ನೆನೆಸ್ಕೊಂಡ್ರೆ ಎದೆ ಝಲ್ ಅನ್ನತ್ತೆ. ಆದ್ರೆ ಅಭ್ಯಾಸ ಮಾಡಿಸಿದ್ದು ನಾನು. ರಜೆಗೆ ಹೋಗೋವಾಗ ಬದಲಿಯವನಿಗೂ ಹೇಳಲಿಲ್ಲ, ಇವಳಿಗೂ ಹೇಳಲಿಲ್ಲ. ಬೈಗುಳ ಇವಳೊಬ್ಬಳ ತಲೆಗೆ ಕಟ್ಟಿದ್ರೆ ನಾನು ಆ ಕೊಡೆ ಕೆಳಗೆ ಹ್ಯಾಗೆ ನಿಲ್ಲಲಿ?”

ನ್ಯಾಯಾಧೀಶೆ ಇಲಾಖೆಯ ವಕೀಲರನ್ನು ನೋಡಿದರು. “ಕಂಬ ಹಿಡಿದದ್ದು ಇವರ ಕರ್ತವ್ಯ ಅಂತೀರಾ? ಹಾಗಾದ್ರೆ ‘ಕಂಬ ನಿಂತ ಉದಾಹರಣೆಯೇ ಇಲ್ಲ’ ಅಂತ ನಿಮ್ಮ ಇಲಾಖೆ ಹೇಳಿದ್ದು ಸುಳ್ಳಾಗತ್ತೆ. ಕರ್ತವ್ಯ ಅಲ್ಲ ಅಂತೀರಾ? ಹಾಗಾದ್ರೆ ರಕ್ಷಣೆ ಇಲ್ಲ. ಯಾವುದು ಹೇಳಿ, ಬರ್ಕೋತೀನಿ.”

ವಕೀಲರು ಕೋಟಿನ ಗುಂಡಿ ಬಿಚ್ಚಿದರು, ಮತ್ತೆ ಹಾಕಿದರು. ಕೊನೆಗೆ, “ಕರ್ತವ್ಯ ಅಲ್ಲ,” ಎಂದು ಕೂತರು.

ತೀರ್ಪು ಚಿಕ್ಕದಾಗಿತ್ತು. ಹಾರ್ನಕ್ಕ ನಂಬಿಕೆಯ ಮೇಲೆ ಹೋದವಳು, ಅಡ್ಡಾದಿಡ್ಡಿ ಹೋದವಳಲ್ಲ. ಆದರೂ ಕೆಂಪು ಎಂದರೆ ಕೆಂಪೇ, ಅಮಾನತಿನಲ್ಲಿ ಕಳೆದ ದಿನಗಳೇ ಅದಕ್ಕೆ ಶಿಕ್ಷೆ, ಇನ್ನು ಲೈಸೆನ್ಸು ಅವಳದು. ಕಂಬದಜ್ಜ ಗಾಜು ಹಾಕಿಸಿಕೊಡಬೇಕು. ಎದ್ದು ಹೋಗುವ ಮುನ್ನ ನ್ಯಾಯಾಧೀಶೆ ಕನ್ನಡಕ ತೆಗೆದು ಒರೆಸಿಕೊಂಡರು. “ಈ ಕುರ್ಚೀಲಿ ಕೂತು ಆ ರಕ್ಷಣೆ ಕೇಳಿದವರನ್ನೇ ನೋಡಿದೀನಿ. ಬೇಡ ಅಂದವರನ್ನ ನೋಡಿರಲಿಲ್ಲ. ನಿಮಗೆ ನನ್ನ ವಂದನೆ,” ಎಂದರು.

ಹೊರಗೆ ಮೆಟ್ಟಿಲ ಮೇಲೆ ಹಾರ್ನಕ್ಕ ಕಂಬದಜ್ಜನ ಕಾಲಿಗೆ ಬೀಳಹೋದಳು. ಅವನು ಹಿಂದೆ ಸರಿದು ಅಜ್ಜಿಯ ಕಾಲು ತುಳಿದು ಬೈಸಿಕೊಂಡ.

ಇಲಾಖೆ ಸುಮ್ಮನಿರಲಿಲ್ಲ. ನಿವೃತ್ತಿ ಹತ್ತಿರದಲ್ಲೇ ಇತ್ತು, ಅಷ್ಟೂ ಕಾಯದೆ ಅವನನ್ನು ಸನ್ನೆಕೋಲಿನಿಂದ ಇಳಿಸಿತು, ಕೋಣೆ ಖಾಲಿ ಮಾಡಿಸಿತು. ಇಬ್ಬರೂ ಒಂದು ಕೆಟಲ್ಲು, ಎರಡು ಪೆಟ್ಟಿಗೆ ಹೊತ್ತುಕೊಂಡು ಬೇಕರಿಯ ಹಿಂದಿನ ಸಂದಿಯಲ್ಲಿ ಒಂದು ಕೋಣೆ ಹಿಡಿದರು. ಸಾಮಾನು ಹೊರಲು ಹೋದ ಹಾರ್ನಕ್ಕ ಆ ಖಾಲಿ ಕಿಟಕಿ ನೋಡಿದಳು. ಅಲ್ಲಿಂದ ನೆಟ್ಟಗೆ ಹೆಡ್‌ಮೇಡಂ ಮುಂದೆ ಹೋಗಿ ನಿಂತಳು. “ಮಕ್ಕಳನ್ನ ಹತ್ತಿಸಿ ಇಳಿಸೋಕೆ ಬಾಗಿಲ ಸೀಟಿಗೆ ಒಬ್ಬರು ಬೇಕು ಅಂತ ನೀವೇ ಹೇಳ್ತಿದ್ರಲ್ಲ ಮೇಡಂ. ಜನ ಸಿಕ್ಕಿದ್ದಾರೆ. ಅವರಿಲ್ಲದೆ ನಾನು ಬಸ್ಸು ಹತ್ತಲ್ಲ.” ಹೆಡ್‌ಮೇಡಂ ಇವಳ ಬಾಯಿಗೆ ಹೆದರಿಯೋ, ಎದೆಗೆ ಒಪ್ಪಿಯೋ, ಹೂಂ ಎಂದರು.

ಹೊಸ ಗಾಜಿನ ಬಸ್ಸು ಮೊದಲ ದಿನ ಹೊರಟಿತು. ಬೇಕರಿಯ ಹಿಂದಿನ ಸಂದಿಯ ಬಾಯಲ್ಲಿ ಹಾರ್ನಕ್ಕ ಎರಡು ಗಿಡ್ಡ, ಒಂದು ಉದ್ದ ಹೊಡೆದಳು. ಅದು ಇನ್ನು ಮುಂದೆ ಸೇತುವೆಗಲ್ಲ, ಈ ಮನೆಗೆ. ಕಂಬದಜ್ಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಆಗಲೇ ಬಾಗಿಲಲ್ಲಿ ನಿಂತಿದ್ದ. ಬೀದಿಯುದ್ದಕ್ಕೂ ಕಿಟಕಿಗಳು ತೆರೆದುಕೊಂಡವು. ದಂತವೈದ್ಯರ ಮಗ ಹಲ್ಲಿಲ್ಲದ ಬಾಯಿ ಕಿಸಿದು, ಮೊದಲ ಸಲ ತಾನಾಗಿ ಎದ್ದು, ಓಡಿ ಬಂದ.

ತಿರುವು ದಾಟಿದ್ದೇ ಕೆಂಪು ದೀಪ ಹತ್ತಿತು. ಎಲ್ಲ ಮಕ್ಕಳೂ ಒಟ್ಟಿಗೆ ಕೂಗಿದರು, “ಅಕ್ಕಾ, ಹಾರ್ನ್!” ಬಾಗಿಲ ಸೀಟಿನಲ್ಲಿ ಕೂತಿದ್ದ ಕಂಬದಜ್ಜನ ಬಲಗೈ ತನ್ನಷ್ಟಕ್ಕೆ ತಾನೇ ಮೇಲೆದ್ದು, ಇಲ್ಲದ ಸನ್ನೆಕೋಲನ್ನು ಹಿಡಿದುಕೊಂಡಿತು.

ಹಾರ್ನಕ್ಕ ಬ್ರೇಕ್ ಒತ್ತಿದಳು. ಬಸ್ಸು ನಿಂತಿತು.

“ಇಳಿಸಿ ಅಜ್ಜಾ, ಕೈ ನೋಯತ್ತೆ,” ಎಂದಳು. ಅವನು ನಾಚಿಕೊಂಡು ಕೈ ಇಳಿಸಿದ. ಮುಂದೆ ಕಂಬ ಇಳಿಯಿತು, ಸೇತುವೆ ಮೆಲ್ಲಗೆ ಮೇಲೆದ್ದಿತು. ಅದರ ಆಚೆ ಬೆಳಗಿನ ಬಿಸಿಲು ಬಿದ್ದ ನೀರು, ನೀರಿನ ಮೇಲೆ ಒಂದು ಉದ್ದನೆಯ ದೋಣಿ. ದೋಣಿಯವನೊಬ್ಬ ಮಕ್ಕಳಿಗೆ ಟೋಪಿ ಬೀಸಿದ. ಮಕ್ಕಳೆಲ್ಲ ಒಂದೇ ಬದಿಗೆ ಮುಗಿಬಿದ್ದರು.

“ಇಷ್ಟು ವರ್ಷ ಇಲ್ಲಿ ನಿಲ್ಲಲೇ ಇಲ್ಲವಲ್ಲ ಅಜ್ಜಾ ನಾವು,” ಎಂದಳು. “ನಿಮ್ಮಿಂದ ಈ ಸೀಟಲ್ಲಿ ಕೂತಿದೀನಿ. ದಿನಾ ಹೇಳೋಕಾಗಲ್ಲ, ಇವತ್ತು ಹೇಳ್ತೀನಿ.”

“ಸಾಕು ಸಾಕು, ಮುಂದೆ ನೋಡು,” ಎಂದ ಕಂಬದಜ್ಜ, ಕಪ್ಪು ಕನ್ನಡಕದ ಕೆಳಗೆ ಬೆರಳು ತೂರಿಸಿ ಕಣ್ಣೊರೆಸಿಕೊಳ್ಳುತ್ತ. “ಹಸಿರು ಬಂದಿಲ್ಲ ಇನ್ನೂ.”

ಅವತ್ತು ಪ್ರಾರ್ಥನೆ ತಪ್ಪಿತು. ಹೆಡ್‌ಮೇಡಂ ಗೇಟಿನಲ್ಲೇ ನಿಂತಿದ್ದರು, ಇಬ್ಬರಿಗೂ ಒಟ್ಟಿಗೆ ಉಗಿದರು. ಇಬ್ಬರೂ ತಲೆ ತಗ್ಗಿಸಿಕೊಂಡು, ನಗು ತಡೆದುಕೊಂಡು, ಪೂರ್ತಿ ಕೇಳಿಸಿಕೊಂಡರು.